ನೆರವಿನ ಸುದ್ದಿಯಲ್ಲಿ ಮೊತ್ತ ಬಿಡಿ, ಷರತ್ತು ಓದಿ

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಸಂಜೆ ಹೊತ್ತು ಕಾಲೇಜು ಹುಡುಗರು ಬಂದು ಪೇಪರ್ ಬಿಡಿಸುತ್ತಾರೆ. 'ಅಣ್ಣ, ಬಡ ದೇಶಗಳ ಔಷಧಿಗೆ ಇಷ್ಟು ಕೋಟಿ ಡಾಲರ್ ಕೊಡ್ತಾರಂತೆ' ಅನ್ನುತ್ತಾರೆ. ನಾನು ಒಂದೇ ಸಾಲ್ಟಿನ, ಅಂದರೆ ಒಳಗಿನ ಮದ್ದು ಒಂದೇ ಆಗಿರುವ, ಎರಡು ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಡುತ್ತೇನೆ. ಒಂದು ದೊಡ್ಡ ಬ್ರಾಂಡ್, ಇನ್ನೊಂದು ಜೆನೆರಿಕ್, ಅಂದರೆ ಅದೇ ಮದ್ದನ್ನು ಬೇರೆ ಕಂಪನಿ ಅಗ್ಗಕ್ಕೆ ಮಾಡಿದ್ದು. ಹಿಂದೆ ತಿರುಗಿಸಿ ಎಂಆರ್‌ಪಿ ನೋಡಿ ಅನ್ನುತ್ತೇನೆ. ನೆರವಿನ ಸುದ್ದಿಯನ್ನೂ ಹಾಗೆಯೇ ತಿರುಗಿಸಿ ನೋಡಬೇಕು.

ಮೊದಲು ಹುಡುಕಬೇಕಾದ್ದು, ಆ ದುಡ್ಡಲ್ಲಿ ಯಾರ ಔಷಧಿ ಕೊಳ್ಳಬಹುದು ಅನ್ನೋದು. 2001ರ ಫೆಬ್ರವರಿಯಲ್ಲಿ ನಮ್ಮ ದೇಶದ ಜೆನೆರಿಕ್ ಕಂಪನಿ ಸಿಪ್ಲಾ, ಎಚ್‌ಐವಿಯ ಮೂರು ಔಷಧಿಗಳನ್ನು ಒಬ್ಬರಿಗೆ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಎಂದು ಎಂಎಸ್‌ಎಫ್ ಎಂಬ ವೈದ್ಯರ ಸೇವಾ ಸಂಸ್ಥೆಗೆ ಹೇಳಿತು. ಬ್ರಾಂಡ್ ಕಂಪನಿಗಳ ಬೆಲೆ 10,000 ಡಾಲರ್ ದಾಟಿತ್ತು. 2003ರಲ್ಲಿ ಅಮೆರಿಕ ಪೆಪ್‌ಫಾರ್ ಎಂಬ, ಬಡ ದೇಶಗಳಿಗೆ ಎಚ್‌ಐವಿ ನೆರವಿನ ಯೋಜನೆ ಘೋಷಿಸಿತು, ಐದು ವರ್ಷಕ್ಕೆ 1,500 ಕೋಟಿ ಡಾಲರ್. ಆದರೆ ಆ ದುಡ್ಡಲ್ಲಿ ಸಿಪ್ಲಾ ಮಾತ್ರೆ ಕೊಳ್ಳುವ ಹಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದರೆ ಸಾಲದು, ತಮ್ಮ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಬೇಕು ಅಂದರು ಅಮೆರಿಕದವರು. ಜೆನೆರಿಕ್‌ಗೆಂದು ಎಫ್‌ಡಿಎ ಬೇಗನೆ ಪರಿಶೀಲಿಸುವ ದಾರಿ ತೆರೆದದ್ದು 2004ರಲ್ಲಿ. ಆಮೇಲೆ ಪೆಪ್‌ಫಾರ್ ಕೊಂಡದ್ದರಲ್ಲಿ ಬಹುಪಾಲು ಜೆನೆರಿಕ್ಕೇ. ಈ ಯೋಜನೆಯಿಂದ 2.5 ಕೋಟಿ ಜೀವ ಉಳಿಯಿತು ಎಂದು ಅಮೆರಿಕ ಸರ್ಕಾರವೇ ಲೆಕ್ಕ ಕೊಡುತ್ತದೆ. ಹಾಗಾದರೆ ಮೊದಲು ಸುಮ್ನೆ ಕಳೆದುಹೋದ ಆ ತಿಂಗಳುಗಳಲ್ಲಿ ಎಷ್ಟು ಜನ ಮಾತ್ರೆ ಸಿಗದೆ ಹೋದರೋ. ನನಗೆ ಅದೇ ಸಂಕಟ.

ನೆರವಿನ ಯೋಜನೆಯ ಕುರ್ಚಿಯಲ್ಲಿ ಕೂತವರ ಹಿಂದಿನ ಕೆಲಸವನ್ನೂ ನೋಡಿ. ಪೆಪ್‌ಫಾರ್‌ನ ಮೊದಲ ಮುಖ್ಯಸ್ಥ ರ‍್ಯಾಂಡಲ್ ಟೋಬಿಯಾಸ್, ಅದಕ್ಕೂ ಮುಂಚೆ ಎಲಿ ಲಿಲ್ಲಿ ಔಷಧಿ ಕಂಪನಿಯ ಸಿಇಒ. ಇಷ್ಟಕ್ಕೇ ತಪ್ಪು ಹೊರಿಸಬಾರದು. ಆದರೆ ಗೊತ್ತಿರಬೇಕು, ಅಲ್ವಾ?

ಇನ್ನು ಪೇಟೆಂಟ್, ಅಂದರೆ ಒಂದು ಔಷಧಿಯನ್ನು ಬೇರೆಯವರು ಮಾಡದಂತೆ ತಡೆಯುವ ಹಕ್ಕು. ದಾನದ ಡೋಸ್ ಲೆಕ್ಕ ಓದುವಾಗ, ಅದೇ ಔಷಧಿ ತಯಾರಿಸುವ ಹಕ್ಕು ಕೊಟ್ಟರಾ ಎಂದು ಕೇಳಿ. ಕೋವಿಡ್ ಮುಗಿಯುವವರೆಗೆ ಪೇಟೆಂಟ್ ಸಡಿಲಿಸಿ ಎಂದು ಭಾರತ, ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಮುಂದೆ ಕೇಳಿದ್ದು 2020ರ ಅಕ್ಟೋಬರ್‌ನಲ್ಲಿ. ಔಷಧಿ ಕಂಪನಿಗಳು ಜೋರಾಗಿ ವಿರೋಧಿಸಿದವು. ತೀರ್ಮಾನ ಬಂದದ್ದು 2022ರ ಜೂನ್‌ನಲ್ಲಿ. ಅದೂ ಲಸಿಕೆಗೆ ಮಾತ್ರ, ಔಷಧಿಗೂ ಇಲ್ಲ, ಟೆಸ್ಟ್ ಕಿಟ್‌ಗೂ ಇಲ್ಲ. ಆ ತೀರ್ಮಾನ ಡಬ್ಲ್ಯುಟಿಒ ಜಾಲತಾಣದಲ್ಲಿದೆ, ಕೆಲವೇ ಪುಟ. ಆ ದಿನದ ಪೇಪರ್ ಸುದ್ದಿ ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ.