ಗಡಿಯಾರ ಎಷ್ಟು ತಪ್ಪಿದೆ ಅಂತ ಮೊದಲು ನೋಡಿ

ಕಂಪ್ಯೂಟರ್ ತಪ್ಪು ಟೈಮ್ ತೋರಿಸುತ್ತಿದೆ ಅಂತ ಯಾರಾದರೂ ಕರೆದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ತಪ್ಪು? ಆ ಲೆಕ್ಕ ಸಿಕ್ಕರೆ ಕಾರಣ ಅರ್ಧ ಸಿಕ್ಕ ಹಾಗೆ.

ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಟೈಮ್‌ನಲ್ಲೇ ಉಳಿದಿರುತ್ತದೆ. ಹೊಸದಾಗಿ ವಿಂಡೋಸ್ ಹಾಕಿದಾಗ ಇದು ಜಾಸ್ತಿ. ಡೇಟ್ ಅಂಡ್ ಟೈಮ್ ಸೆಟ್ಟಿಂಗ್‌ನಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನ್ಯೂ ಡೆಲ್ಲಿ ಅಂತ ಇರುವ +05:30 ಸಾಲನ್ನು ಆರಿಸಿದರೆ ಮುಗಿಯಿತು. (ಅಲ್ಲಿ ಬೆಂಗಳೂರನ್ನು ಹುಡುಕಬೇಡಿ, ಇಲ್ಲ.) ಝೋನ್ ಬಿಟ್ಟು ಮುಳ್ಳನ್ನು ಮಾತ್ರ ತಿರುಗಿಸುವವರೇ ಹೆಚ್ಚು. ಆಗ ಗಡಿಯಾರವೇನೋ ಸರಿ ಕಾಣುತ್ತದೆ. ಆದರೆ ಕಳಿಸಿದ ಮೇಲ್ ನಾಳೆಯ ಹೊತ್ತು ತೋರಿಸಬಹುದು, ಇಂಟರ್ನೆಟ್‌ನಿಂದ ಟೈಮ್ ಸಿಂಕ್ ಆದ ಕೂಡಲೇ ಮತ್ತೆ ಮೊದಲಿನಂತೆ.

ಸರಿಯಾಗಿ ಐದೂವರೆ ಗಂಟೆ ತಪ್ಪಿದೆಯಾ? ಹಾಗಿದ್ದರೆ ಅದರಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂಡ ಇದೆಯಾ ಅಂತ ಕೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಎರಡೂ ಇವೆ. ಉಬುಂಟುವಿನಲ್ಲಿ (ಅದೂ ಲಿನಕ್ಸೇ) ಕೆಲಸ ಮಾಡಿ ವಿಂಡೋಸ್‌ಗೆ ಬಂದರೆ ಬೆಳಿಗ್ಗೆ ಹತ್ತು ಗಂಟೆ ನಾಲ್ಕೂವರೆ ಆಗಿರುತ್ತಿತ್ತು. ಮದರ್‌ಬೋರ್ಡ್‌ನಲ್ಲಿ ಇರುವ ಗಡಿಯಾರ ಒಂದೇ. ಅದರಲ್ಲಿ ಇರುವುದು ನಮ್ಮ ಊರಿನ ಟೈಮ್ ಅಂತ ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದನ್ನು ಯುಟಿಸಿ (ನಮ್ಮ ಟೈಮ್‌ಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಟೈಮ್) ಅಂತ ಓದುತ್ತದೆ, ಯುಟಿಸಿಯಲ್ಲೇ ಬರೆದಿಡುತ್ತದೆ. ಒಬ್ಬರು ಇಟ್ಟಿದ್ದನ್ನು ಇನ್ನೊಬ್ಬರು ಎತ್ತಿ ಬೇರೆ ಕಡೆ ಇಟ್ಟ ಹಾಗೆ.

ಎರಡರಲ್ಲಿ ಒಂದು ಬಗ್ಗಬೇಕು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ (RealTimeIsUniversal) ಅಂತ ಒಂದು ಎಂಟ್ರಿ ಮಾಡಿ 1 ಕೊಡಬಹುದು, ಆಗ ವಿಂಡೋಸ್ ಕೂಡ ಯುಟಿಸಿ ಅಂತಲೇ ಓದುತ್ತದೆ. ತಿಳಿದವರು ಹೇಳುವ ದಾರಿ ಇದೇ. ನಾನು ಮಾತ್ರ ಲಿನಕ್ಸನ್ನೇ ಬಗ್ಗಿಸಿದೆ. ಮೊದಲು ಅಲ್ಲಿ ಟೈಮ್ ಸರಿ ಇದೆಯೇ ನೋಡಿಕೊಂಡು, ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 (timedatectl set-local-rtc 1) ಅಂತ ಕೊಟ್ಟೆ. ಆಗ ಲಿನಕ್ಸ್ ಕೂಡ ಆ ಗಡಿಯಾರದಲ್ಲಿ ಊರಿನ ಟೈಮನ್ನೇ ಇಡುತ್ತದೆ. ಇದರಿಂದ ತೊಂದರೆ ಆಗಬಹುದು ಅಂತ ಲಿನಕ್ಸ್ ಎಚ್ಚರಿಸುತ್ತದೆ, ನಿಜ. ಆದರೆ ಆ ತೊಂದರೆ ಮುಖ್ಯವಾಗಿ ಟೈಮ್ ಝೋನ್ ಬದಲಾಗುವಾಗ ಮತ್ತು ಬೇಸಿಗೆಗೆ ಒಂದು ಗಂಟೆ ಮುಂದೆ ಮಾಡುವ ದೇಶಗಳಲ್ಲಿ. ನಮ್ಮಲ್ಲಿ ವರ್ಷಪೂರ್ತಿ ಒಂದೇ ಟೈಮ್ ಅಲ್ವಾ? ಜೊತೆಗೆ ವಿಂಡೋಸ್ ಮತ್ತೆ ಹಾಕಿದರೆ ರಿಜಿಸ್ಟ್ರಿ ಬದಲಾವಣೆ ಅಳಿಸಿಹೋಗುತ್ತದೆ. ಅಮೆರಿಕಕ್ಕೆ ಲ್ಯಾಪ್‌ಟಾಪ್ ಒಯ್ಯುವವರಿಗೆ ಮಾತ್ರ ರಿಜಿಸ್ಟ್ರಿ ದಾರಿಯನ್ನೇ ಹೇಳುತ್ತೇನೆ.

ತಪ್ಪು ಗಂಟೆಗಳಲ್ಲಿ ಅಲ್ಲ, ವರ್ಷಗಳಲ್ಲಿ ಇದ್ದರೆ ಸಿಮೋಸ್ ಬ್ಯಾಟರಿ ಮೇಲೆ ಅನುಮಾನ, ಅಂದರೆ ಕರೆಂಟ್ ಇಲ್ಲದಾಗಲೂ ಮದರ್‌ಬೋರ್ಡ್‌ನ ಗಡಿಯಾರ ಓಡಿಸುವ ಸಣ್ಣ ಸೆಲ್ ಮೇಲೆ. ಪ್ಲಗ್ ತೆಗೆದು ಹಾಕಿದಾಗಲೆಲ್ಲ ತಾರೀಖು ಹಳೆಯದಕ್ಕೆ ಹೋಗುತ್ತದೆ, ಬ್ರೌಸರ್‌ನಲ್ಲಿ ಬ್ಯಾಂಕಿನ ಸೈಟ್ ಕೂಡ, ತಾರೀಖು ತಪ್ಪಿರುವುದರಿಂದ, ಸರ್ಟಿಫಿಕೇಟ್ (ಸೈಟ್ ಅಸಲಿ ಅನ್ನುವ ಗುರುತು) ಸರಿಯಿಲ್ಲ ಅನ್ನುತ್ತದೆ. ಜನ ವೈರಸ್ ಅಂದುಕೊಂಡು ಹೆದರುತ್ತಾರೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032 ಬಟನ್ ಸೆಲ್, 3 ವೋಲ್ಟ್. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಸೆಲ್ ಹಾಕಿ ನೇರವಾಗಿ ಸಿಂಕ್ ನೌ ಒತ್ತಿದರೆ ಕೆಲವೊಮ್ಮೆ ಸುಮ್ನೆ ಎರರ್ ಬರುತ್ತದೆ. ಮನೆಯ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಅದಕ್ಕೇ ಮೊದಲು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್) ತಾರೀಖು, ಟೈಮ್ ಕೈಯಿಂದ ಹಾಕುತ್ತೇನೆ, ಆಮೇಲೆ ಸಿಂಕ್. ಲ್ಯಾಪ್‌ಟಾಪ್ ಆದರೆ ಸೆಲ್ ಎಷ್ಟೋ ಸಲ ವೈರ್ ಸಮೇತ ಇರುತ್ತದೆ. ಬಿಚ್ಚಿ ನೋಡಿ ಅದೇ ಮಾದರಿಯದನ್ನು ತರಿಸಬೇಕು.