ಹಾಡಿರಲಿ, ಫೈಲ್ ಹಗುರವಾಗಿರಲಿ

ಮೇಷ್ಟ್ರೊಬ್ಬರ ನಿವೃತ್ತಿ ಸಮಾರಂಭಕ್ಕೆಂದು ಬಹಳ ಹಿಂದೆ ಒಂದು ಸ್ಲೈಡ್ ಶೋ ಮಾಡಿಕೊಟ್ಟಿದ್ದೆ. ಹಳೆಯ ಫೋಟೊಗಳು, ಹಿನ್ನೆಲೆಗೆ ಕೊಳಲು. ಮನೆಯಲ್ಲಿ ನಾಲ್ಕು ಸಲ ಓಡಿಸಿ ನೋಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದೆ. ಪರದೆಯ ಮೇಲೆ ಮೇಷ್ಟ್ರ ಮದುವೆ ಫೋಟೊ ಬಂತು, ಅದರ ನಟ್ಟನಡುವೆ ಬೂದು ಬಣ್ಣದ ಸ್ಪೀಕರ್ ಗುರುತೂ ಬಂತು. ಕೊಳಲು ಮಾತ್ರ ಬರಲಿಲ್ಲ. ಅದು ಮನೆಯ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೇ ಕೂತಿತ್ತು. ಕೊನೆಗೆ ಯಾರೋ ಮೊಬೈಲಿನಲ್ಲಿ ಯಾವುದೋ ಹಾಡು ಹಚ್ಚಿ ಮೈಕಿಗೆ ಹಿಡಿದು ಮಾನ ಉಳಿಸಿದರು.

ಆಗಿನ ಪವರ್‌ಪಾಯಿಂಟ್ ಹಾಗಿತ್ತು. ಎಂಪಿ3 ಹಾಡನ್ನು ಅದು ಒಳಗೆ ಇಟ್ಟುಕೊಳ್ಳುತ್ತಿರಲಿಲ್ಲ, ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತಿತ್ತು. 2010ರ ಆವೃತ್ತಿಯಿಂದ ಹಾಡು ಫೈಲಿನೊಳಗೇ ಕೂರುತ್ತದೆ. ಹಾಡು ಕಳೆದುಹೋಗುವ ಭಯ ಹೋಯಿತು, ಬದಲಿಗೆ ತೂಕದ ತಲೆನೋವು ಬಂತು. ಮೇಲ್‌ನಲ್ಲಿ ಕಳಿಸಲು ಹೋದರೆ ‘ಫೈಲ್ ದೊಡ್ಡದಾಯಿತು’ ಎನ್ನುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ತೆವಳುತ್ತದೆ. ಇದಕ್ಕೆ ಮದ್ದು ಒಂದೇ: ಕತ್ತರಿಸುವುದು, ಕುಗ್ಗಿಸುವುದು ಎಲ್ಲವೂ ಸ್ಲೈಡಿಗೆ ಹಾಕುವ ಮೊದಲೇ ಮುಗಿದಿರಬೇಕು.

ಮೊದಲು ಲೆಕ್ಕ

ಹಾಡಿನ ತೂಕ ನಿರ್ಧಾರವಾಗುವುದು ಅದರ ಉದ್ದ ಮತ್ತು ಬಿಟ್‌ರೇಟ್‌ನಿಂದ, ಅಂದರೆ ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಮಾಹಿತಿ ಖರ್ಚಾಗುತ್ತದೆ ಎಂಬುದರಿಂದ. ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್ ಫೈಲ್ ಸೆಕೆಂಡಿಗೆ 1,411 ಕಿಲೋಬಿಟ್ ತಿನ್ನುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 10 ಎಂಬಿ. ಅದೇ ಹಾಡು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆದರೆ ನಿಮಿಷಕ್ಕೆ 1 ಎಂಬಿಯೊಳಗೆ ಮುಗಿಯುತ್ತದೆ. ಬಿಟ್‌ರೇಟನ್ನು 8ರಿಂದ ಭಾಗಿಸಿ, ಸೆಕೆಂಡುಗಳಿಂದ ಗುಣಿಸಿ, ಕೆಬಿಯಲ್ಲಿ ಉತ್ತರ ಸಿಗುತ್ತದೆ.

42 ಫೋಟೊ, ಒಂದೊಂದಕ್ಕೆ 5 ಸೆಕೆಂಡ್ ಎಂದುಕೊಳ್ಳಿ. ಒಟ್ಟು 210 ಸೆಕೆಂಡ್, ಮೂರೂವರೆ ನಿಮಿಷ. ವೇವ್‌ನಲ್ಲಿ ಹಾಕಿದರೆ ಹಾಡೇ 37 ಎಂಬಿ, 128ರ ಎಂಪಿ3ಯಲ್ಲಿ ಸುಮಾರು ಮೂರೂಕಾಲು ಎಂಬಿ. ಸಭಾಂಗಣದ ಧ್ವನಿವರ್ಧಕದಲ್ಲಿ ಕೇಳುವವರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಬರೀ ಮಾತಿನ ನಿರೂಪಣೆಯಾದರೆ ಮೊನೊ (ಎಡಬಲ ಬೇರೆಯಿಲ್ಲದ ಒಂದೇ ಧ್ವನಿಪಟ್ಟಿ) ಮಾಡಿ 64ಕ್ಕೆ ಇಳಿಸಿದರೂ ನಡೆಯುತ್ತದೆ. ಸಂಗೀತಕ್ಕೆ ನಾನು 128ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಇಳಿದರೆ ತಾಳದ ಸದ್ದು ನೀರಿನಲ್ಲಿ ಅದ್ದಿ ತೆಗೆದಂತೆ ಕೇಳಿಸತೊಡಗುತ್ತದೆ.

ಆಗಲೇ ಕುಗ್ಗಿಸಿದ ಹಾಡನ್ನು ವೇವ್‌ಗೆ ಬದಲಿಸಿ ‘ಕ್ವಾಲಿಟಿ ಹೆಚ್ಚಿಸಿದೆ’ ಎನ್ನುವವರಿದ್ದಾರೆ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾಗುವುದಿಲ್ಲ, ಪಾತ್ರೆ ಭಾರವಾಗುತ್ತದೆ ಅಷ್ಟೇ.

ಕತ್ತರಿ ಹೊರಗೇ ಆಡಲಿ

ಕತ್ತರಿಸಲು ಉಚಿತವಾಗಿ ಸಿಗುವ ಅಡಾಸಿಟಿ ಎಂಬ ತಂತ್ರಾಂಶ ಸಾಕು. ಹಾಡನ್ನು ತೆರೆಯಿರಿ, ಅಲೆಅಲೆಯಾಗಿ ಕಾಣುವ ಪಟ್ಟಿಯ ಮೇಲೆ ಬೇಕಾದ ಭಾಗವನ್ನು ಮೌಸ್‌ನಿಂದ ಎಳೆದು ಗುರುತಿಸಿ, ಕಂಟ್ರೋಲ್ ಜೊತೆ ಟಿ ಒತ್ತಿ. ಗುರುತಿಸಿದ್ದು ಉಳಿದು ಮಿಕ್ಕಿದ್ದು ಹೋಗುತ್ತದೆ. ಆಮೇಲೆ ಕೊನೆಯ ನಾಲ್ಕೈದು ಸೆಕೆಂಡ್ ಮಾತ್ರ ಗುರುತಿಸಿ ಎಫೆಕ್ಟ್ ಮೆನುವಿನಲ್ಲಿ ಫೇಡ್ ಔಟ್ ಕೊಡಿ. ಇಲ್ಲದಿದ್ದರೆ ಕರೆಂಟ್ ಹೋದಂತೆ ಹಾಡು ನಿಂತು ಸಭೆ ಬೆಚ್ಚುತ್ತದೆ. ಕೊನೆಗೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಎಂಪಿ3 ಆರಿಸಿ, ಕಾನ್‌ಸ್ಟಂಟ್ ಬಿಟ್‌ರೇಟ್, 128.

ಪವರ್‌ಪಾಯಿಂಟ್‌ನಲ್ಲೇ ‘ಟ್ರಿಮ್ ಆಡಿಯೊ’ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಕತ್ತರಿಸುವುದಿಲ್ಲ, ಬಚ್ಚಿಡುತ್ತದೆ. ಆರು ನಿಮಿಷದ ಹಾಡಿನಲ್ಲಿ ಒಂದು ನಿಮಿಷ ಉಳಿಸಿಕೊಂಡರೂ ಮಿಕ್ಕ ಐದು ನಿಮಿಷ ಫೈಲಿನೊಳಗೇ ಇರುತ್ತದೆ. ಅದನ್ನು ನಿಜವಾಗಿ ಕಿತ್ತು ಹಾಕಲು ಫೈಲ್, ಇನ್ಫೊ, ಅಲ್ಲಿಂದ ಕಂಪ್ರೆಸ್ ಮೀಡಿಯಾ ಒತ್ತಬೇಕು.

ಹಾಡಿನ ಹಕ್ಕು ಯಾರದು ಎಂಬ ಪ್ರಶ್ನೆಯೂ ಇದೆ. ಮನೆಯ ಸಮಾರಂಭಕ್ಕೆ ತೋರಿಸಿ ಮುಗಿಸುವುದಾದರೆ ಒಂದು ಮಾತು. ಜಾಲತಾಣಕ್ಕೆ ಹಾಕುವುದಾದರೆ ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಿಂದ ಆರಿಸಿಕೊಳ್ಳಿ. ಅದಕ್ಕಿಂತ ಚೆಂದ, ವೀಣೆ ನುಡಿಸುವ ಚಿಕ್ಕಮ್ಮನೋ ಕೊಳಲು ಕಲಿಯುತ್ತಿರುವ ಮಗನೋ ಇದ್ದರೆ ಫ್ಯಾನ್ ಆರಿಸಿ, ಮೊಬೈಲಿನಲ್ಲೇ ಧ್ವನಿಮುದ್ರಿಸಿ.

ಸ್ಲೈಡಿಗೆ ಸೇರಿಸುವುದು

ಹಾಡು ಶುರುವಾಗಬೇಕಾದ ಸ್ಲೈಡ್ ತೆರೆದು ಇನ್ಸರ್ಟ್, ಆಡಿಯೊ, ‘ಆಡಿಯೊ ಆನ್ ಮೈ ಪಿಸಿ’. ಸ್ಪೀಕರ್ ಗುರುತು ಬಂದ ಮೇಲೆ ಪ್ಲೇಬ್ಯಾಕ್ ಪಟ್ಟಿಯಲ್ಲಿ ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಒತ್ತಿ. ಹಾಡು ತಾನಾಗಿ ಶುರುವಾಗುತ್ತದೆ, ಸ್ಲೈಡ್ ಬದಲಾದರೂ ನಿಲ್ಲುವುದಿಲ್ಲ, ಸ್ಪೀಕರ್ ಗುರುತೂ ಮರೆಯಾಗುತ್ತದೆ. ಜೊತೆಗೆ ‘ಲೂಪ್ ಅನ್‌ಟಿಲ್ ಸ್ಟಾಪ್ಡ್’ ಕೂಡ ಟಿಕ್ ಆಗಿರುತ್ತದೆ, ಅದನ್ನು ಮರೆಯದೆ ತೆಗೆಯಿರಿ. ಕೊನೆಯ ಫೋಟೊ ಪರದೆಯ ಮೇಲಿದ್ದು, ಅಧ್ಯಕ್ಷರು ಮಾತಿಗೆ ನಿಂತು ಗಂಟಲು ಸರಿಮಾಡಿಕೊಳ್ಳುವಾಗ ಹಾಡು ಮತ್ತೆ ಪಲ್ಲವಿಯಿಂದ ಶುರುವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸ್ಲೈಡ್ ತಾನಾಗಿ ಸರಿಯಲು ಟ್ರಾನ್ಸಿಷನ್ಸ್ ಪಟ್ಟಿಯಲ್ಲಿ ‘ಆಫ್ಟರ್’ ಎಂಬಲ್ಲಿ 5 ಸೆಕೆಂಡ್ ಕೊಟ್ಟು ‘ಅಪ್ಲೈ ಟು ಆಲ್’ ಒತ್ತಿದರಾಯಿತು.

ಕಳ್ಳ ಯಾರು?

ಇಷ್ಟೆಲ್ಲ ಮಾಡಿದರೂ ಫೈಲ್ 170 ಎಂಬಿ ತೋರಿಸಿದರೆ ಹಾಡನ್ನು ಬೈಯಬೇಡಿ. ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ. ವಿಂಡೋಸ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿ, ಪ್ರತಿಯ ಹೆಸರಿನ ಕೊನೆಯಲ್ಲಿರುವ ಪಿಪಿಟಿಎಕ್ಸ್ ಅಳಿಸಿ ಜಿಪ್ ಎಂದು ಬರೆಯಿರಿ. ಕಂಪ್ಯೂಟರ್ ಒಮ್ಮೆ ಹೆದರಿಸುತ್ತದೆ, ಎಸ್ ಅನ್ನಿ. ಪಿಪಿಟಿಎಕ್ಸ್ ಎಂಬುದೇ ಒಂದು ಜಿಪ್ ಗಂಟು, ಬಿಚ್ಚಿದರೆ ಪಿಪಿಟಿ ಎಂಬ ಫೋಲ್ಡರ್, ಅದರೊಳಗೆ ಮೀಡಿಯಾ ಎಂಬ ಫೋಲ್ಡರ್ ಸಿಗುತ್ತದೆ. ಅಲ್ಲಿರುವುದನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ. ಹಾಡು ಮೂರು ಎಂಬಿಯಲ್ಲಿ ಪಾಪದಂತೆ ಕೂತಿರುತ್ತದೆ, ಮೊಬೈಲಿನಿಂದ ನೇರ ತಂದು ಸುರಿದ ಫೋಟೊಗಳು ಒಂದೊಂದೂ ನಾಲ್ಕು ಎಂಬಿ ಇರುತ್ತವೆ.

ಮೂಲ ಫೈಲಿಗೆ ಮರಳಿ. ಯಾವುದಾದರೂ ಫೋಟೊ ಒತ್ತಿ, ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ‘ಕಂಪ್ರೆಸ್ ಪಿಕ್ಚರ್ಸ್’ ತೆರೆಯಿರಿ. ‘ಈ ಚಿತ್ರಕ್ಕೆ ಮಾತ್ರ’ ಎಂಬ ಟಿಕ್ ತೆಗೆಯಿರಿ, ಕತ್ತರಿಸಿದ ಭಾಗ ಅಳಿಸುವ ಟಿಕ್ ಇರಲಿ, 150 ಪಿಪಿಐ (ಇಂಚಿಗೆ 150 ಪಿಕ್ಸೆಲ್) ಆರಿಸಿ. ವೈಡ್‌ಸ್ಕ್ರೀನ್ ಸ್ಲೈಡಿನ ಅಗಲ 13.33 ಇಂಚು, 150ರ ಲೆಕ್ಕದಲ್ಲಿ 2,000 ಪಿಕ್ಸೆಲ್. ಫುಲ್ ಎಚ್‌ಡಿ ಪ್ರೊಜೆಕ್ಟರ್ ತೋರಿಸುವುದೇ 1,920. ಅದಕ್ಕಿಂತ ಹೆಚ್ಚು ಕೊಟ್ಟರೂ ಪರದೆಗೆ ಜೀರ್ಣವಾಗದು.

ಜಿಮೇಲ್ ಲಗತ್ತಿನ ಮಿತಿ 25 ಎಂಬಿ. ಆದರೆ ಮೇಲ್‌ನಲ್ಲಿ ಹೋಗುವಾಗ ಫೈಲ್ ಮೂರನೇ ಒಂದು ಭಾಗದಷ್ಟು ಉಬ್ಬುವುದರಿಂದ 18 ಎಂಬಿ ದಾಟದಂತೆ ನೋಡಿಕೊಳ್ಳಿ. ಗೂಗಲ್ ಸ್ಲೈಡ್ಸ್ ಬಳಸುವವರಿಗೆ ಈ ತೂಕದ ಗೋಜಿಲ್ಲ, ಹಾಡು ಡ್ರೈವ್‌ನಲ್ಲಿ ಬೇರೆಯೇ ಇರುತ್ತದೆ. ಸ್ಲೈಡ್ ಹಂಚಿಕೊಂಡಂತೆ ಹಾಡಿನ ಫೈಲಿಗೂ ನೋಡುವ ಅನುಮತಿ ಕೊಡದಿದ್ದರೆ ಮಾತ್ರ ಮತ್ತೆ ಮೂಕಿ ಚಿತ್ರ.

ಸಭಾಂಗಣಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಎಚ್‌ಡಿಎಂಐ ತಂತಿ ಚುಚ್ಚಿದೊಡನೆ ಸದ್ದು ಪ್ರೊಜೆಕ್ಟರಿನ ಕಡೆ ಹೊರಟುಹೋಗುವುದುಂಟು. ಕೆಳಗಿನ ಪಟ್ಟಿಯ ಸ್ಪೀಕರ್ ಗುರುತು ಒತ್ತಿ, ಧ್ವನಿವರ್ಧಕಕ್ಕೆ ಸದ್ದು ಹೋಗುವ ದಾರಿಯನ್ನು ಮತ್ತೆ ಆರಿಸಬೇಕಾಗುತ್ತದೆ. ಹಾಡು ಒಳಗೇ ಇದೆ ಎಂದು ಗೊತ್ತಿದ್ದರೂ ಪೆನ್‌ಡ್ರೈವ್‌ನಲ್ಲಿ ಆ ಎಂಪಿ3ಯನ್ನು ಬೇರೆಯಾಗಿಯೂ ಇಟ್ಟುಕೊಂಡೇ ಹೋಗುತ್ತೇನೆ. ಮೂರು ಎಂಬಿ ತಾನೆ.