ತಲೆ ಸವೆದ ಜೆಟ್: ಹಳೆಯ ಬೈಕ್‌ನ ಕಾರ್ಬೊರೇಟರ್‌ನಿಂದ ಬಿಚ್ಚಿ ಹೊಸದು ಹಾಕುವ ಬಗೆ

ಚೋಕ್ ಎಳೆದಾಗ ಸ್ಟಾರ್ಟ್ ಆಗುವ ಗಾಡಿ, ಚೋಕ್ ಬಿಟ್ಟ ಕೂಡಲೇ ಆಫ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪೈಲಟ್ ಜೆಟ್ಟನ್ನು, ಅಂದರೆ ಸ್ಲೋ ಸ್ಪೀಡ್‌ಗೆ ಪೆಟ್ರೋಲ್ ಬಿಡುವ ಜೆಟ್ಟನ್ನು. ಸ್ಲೋ ಸ್ಪೀಡ್‌ನಲ್ಲಿ ಚೆನ್ನಾಗಿಯೇ ಓಡಿ, ಆಕ್ಸಿಲರೇಟರ್ ಮುಕ್ಕಾಲು ಭಾಗ ದಾಟಿದ ಮೇಲೆ ಮುಗ್ಗರಿಸಿದರೆ ಮೇನ್ ಜೆಟ್ ನೋಡಿ. ನಡುವಿನ ವೇಗದಲ್ಲಿ ತೊಂದರೆ ಇದ್ದರೆ ಅದು ಹೆಚ್ಚಾಗಿ ಸ್ಲೈಡ್‌ಗೆ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಭಾಗ) ಸಿಕ್ಕಿಸಿದ ಸೂಜಿಗೆ ಸಂಬಂಧಿಸಿದ್ದು. ಜೆಟ್ ಬದಲಿಸಿ ಪ್ರಯೋಜನವಿಲ್ಲ.

ಜೆಟ್ ಎಂದರೆ ಪೆಟ್ರೋಲ್ ಹರಿಯಲು ಅಳತೆ ಮಾಡಿ ಕೊರೆದ ರಂಧ್ರವಿರುವ ಹಿತ್ತಾಳೆಯ ಸಣ್ಣ ಸ್ಕ್ರೂ. ಹಿತ್ತಾಳೆ ಮೆದು. ಹಾಗಾಗಿ ಅದು ಎರಡು ರೀತಿಯಲ್ಲಿ ಹಾಳಾಗುತ್ತದೆ: ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿದರೆ ತಲೆಯ ಸೀಳು ಸವೆಯುತ್ತದೆ, ತಂತಿ ಹಾಕಿ ಕೆದಕಿದರೆ ರಂಧ್ರ ಅಗಲವಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. 0.40 ಮಿ.ಮೀ. ರಂಧ್ರ 0.44 ಆದರೆ ಅದರ ವಿಸ್ತೀರ್ಣ ಶೇ 21ರಷ್ಟು ಹೆಚ್ಚುತ್ತದೆ. ಪ್ಲಗ್ ಕಪ್ಪಾಗುವುದು, ಮೈಲೇಜ್ ಬೀಳುವುದು ಆ ಮೇಲಿನ ಕಥೆ. ತಂತಿ ಹಾಕಿ ಕೆದಕಿದ ಜೆಟ್ಟನ್ನು ಮತ್ತೆ ಹಾಕಲೇಬೇಡಿ.

ಹೊಸ ಜೆಟ್ ತರುವಾಗ ಹಳೆಯದರ ನಂಬರ್ ಮಾತ್ರ ಹೊಂದಿದರೆ ಸಾಲದು, ಕಾರ್ಬೊರೇಟರ್ ಕಂಪನಿಯೂ ಅದೇ ಇರಬೇಕು. ಡೆಲ್ಲೋರ್ಟೊ ಜೆಟ್‌ಗಳ ನಂಬರ್ ಮಿಲಿಮೀಟರ್‌ನ ನೂರನೇ ಒಂದು ಭಾಗದ ಲೆಕ್ಕದಲ್ಲಿ ರಂಧ್ರದ ವ್ಯಾಸವನ್ನು ಹೇಳುತ್ತದೆ; ಅಮಲ್ ಮೇನ್ ಜೆಟ್‌ನ ನಂಬರ್ ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತದೆ ಎಂಬುದನ್ನು. ನಂಬರ್ ಒಂದೇ ಆದರೂ ರಂಧ್ರ ಬೇರೆ. ಹಿಂದಿನವರು ಯಾವುದೋ ಜೆಟ್ ಹಾಕಿರುವ ಸಾಧ್ಯತೆ ಇರುವುದರಿಂದ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ನಂಬರ್ ಜೊತೆ ಒಮ್ಮೆ ತಾಳೆ ನೋಡಿ. ಫ್ಲೋಟ್ ಬೌಲ್‌ನ (ಕಾರ್ಬೊರೇಟರ್‌ನ ಅಡಿಯ ಪೆಟ್ರೋಲ್ ಬಟ್ಟಲು) ಗ್ಯಾಸ್ಕೆಟ್ಟನ್ನೂ ಜೊತೆಗೇ ತಂದಿಟ್ಟುಕೊಳ್ಳಿ.

ಕೆಲಸ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಳಿಯಾಡುವ ಕಡೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಹತ್ತಿರದಲ್ಲಿ ಒಲೆ, ಬೀಡಿ, ಕಿಡಿ ಹಾರಿಸುವ ಯಾವುದೂ ಇರಕೂಡದು.

1. ಪೆಟ್ರೋಲ್ ಕಾಕ್ ಆಫ್ ಮಾಡಿ. ಬೌಲ್‌ನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿ.

2. ಕಾರ್ಬೊರೇಟರ್ ಹೊರಗೆ ತೆಗೆಯಿರಿ. ಜೆಟ್ ಚೆನ್ನಾಗಿದ್ದರೆ ಗಾಡಿಯಲ್ಲೇ ಇಟ್ಟು ಬಿಚ್ಚಬಹುದು, ಆದರೆ ತಲೆ ಸವೆದ ಜೆಟ್‌ಗೆ ಕೈ ನೇರವಾಗಿ ಬರಬೇಕು. ಕೇಬಲ್ಲೇ ನೇರವಾಗಿ ಸ್ಲೈಡ್ ಎಳೆಯುವ ಮಾದರಿಯಾದರೆ ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡನ್ನು ಸೂಜಿಯ ಸಮೇತ ಎತ್ತಿ, ಬಟ್ಟೆ ಸುತ್ತಿ ಇಡಿ. ಸೂಜಿ ಬಾಗಬಾರದು.

3. ಬೌಲ್‌ನ ಸ್ಕ್ರೂಗಳನ್ನು ಬಿಚ್ಚಿ. ಜಪಾನಿ ಕಾರ್ಬೊರೇಟರ್‌ಗಳಲ್ಲಿ ಇವು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ಮೇಲೆದ್ದು ತಲೆ ತಿನ್ನುತ್ತದೆ.

4. ಫ್ಲೋಟ್‌ನ ಪಿನ್ ಎಳೆದು, ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಭಾಗ) ಮತ್ತು ಪೆಟ್ರೋಲ್ ಬರುವ ದಾರಿ ಮುಚ್ಚುವ ಅದರ ಸೂಜಿಯನ್ನು ಜೋಪಾನವಾಗಿ ತೆಗೆಯಿರಿ. ಫ್ಲೋಟ್‌ನ ನಾಲಗೆ ಬಗ್ಗಿದರೆ ಪೆಟ್ರೋಲ್ ಮಟ್ಟವೇ ಬದಲಾಗುತ್ತದೆ.

5. ಸೀಳಿನ ಉದ್ದಗಲಕ್ಕೆ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರ್ ಆರಿಸಿ. ಪೈಲಟ್ ಜೆಟ್ ಕಿರಿದಾದ ಕೊಳವೆಯ ತಳದಲ್ಲಿ ಇರುವುದರಿಂದ ಸ್ಕ್ರೂಡ್ರೈವರ್‌ನ ತುದಿ ಗೋಡೆಗೆ ತಾಗದಷ್ಟು ತೆಳುವಾಗಿರಬೇಕು. ಬೇಕಾದರೆ ಅರದಿಂದ ಬದಿ ಉಜ್ಜಿ ಹೊಂದಿಸಿ. ಬಲದ ಮುಕ್ಕಾಲು ಪಾಲು ಕೆಳಕ್ಕೆ ಒತ್ತಲು, ಉಳಿದದ್ದು ತಿರುಗಿಸಲು. ಮೇನ್ ಜೆಟ್ ಬಿಚ್ಚುವಾಗ ಅದರ ಕೆಳಗಿನ, ಪೆಟ್ರೋಲಿಗೆ ಗಾಳಿ ಬೆರೆಸುವ ಎಮಲ್ಷನ್ ಟ್ಯೂಬನ್ನು ಸ್ಪ್ಯಾನರ್‌ನಿಂದ ಹಿಡಿದಿರಿ, ಇಲ್ಲವಾದರೆ ಎರಡೂ ಒಟ್ಟಿಗೆ ತಿರುಗುತ್ತವೆ.

ಒಂದು ಸಲ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಎರಡನೇ ಸಲ ಜಾರಿದಾಗಲೇ ಸೀಳು ದುಂಡಗಾಗುವುದು. ಜೆಟ್‌ನ ಸುತ್ತ ಪೆನೆಟ್ರೇಟಿಂಗ್ ಆಯಿಲ್ ಎರಡು ಹನಿ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಸ್ಕ್ರೂಡ್ರೈವರ್‌ನ ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಹಾಕಿ ಪ್ರಯತ್ನಿಸಿ. ಆಗಲೂ ಬರದಿದ್ದರೆ ಶಾಖವೇ ದಾರಿ. ಕಾರ್ಬೊರೇಟರ್‌ನ ಮೈ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹ. ಕಾಯಿಸಿದಾಗ ಹಿತ್ತಾಳೆಗಿಂತ ಹೆಚ್ಚು ಹಿಗ್ಗುವುದರಿಂದ ಥ್ರೆಡ್‌ನ ಹಿಡಿತ ಸಡಿಲುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನೆಲ್ಲ ತೆಗೆದು, ಪೆಟ್ರೋಲ್ ಮತ್ತು ಎಣ್ಣೆಯ ಅಂಶ ಪೂರ್ತಿ ಒರೆಸಿ ಒಣಗಿಸಿ, ಮೈಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡಿ. ಬೆಂಕಿ ತೋರಿಸುವುದು ಬೇಡ. ಹೊರತೆಗೆದ ಕೂಡಲೇ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ತಿರುಗಿಸಿ.

ಸೀಳು ಪೂರ್ತಿ ಹೋಗಿದ್ದರೆ, ಮೇಲಕ್ಕೆ ಎದ್ದು ನಿಂತ ಮೇನ್ ಜೆಟ್‌ಗೆ ಹ್ಯಾಕ್ಸಾ ಬ್ಲೇಡಿನಿಂದ ಹೊಸ ಸೀಳು ಕೊಯ್ಯಬಹುದು. ಒಳಗಿರುವ ಪೈಲಟ್ ಜೆಟ್‌ಗೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಉತ್ತಮ. ಅದು ಕಚ್ಚಿಕೊಂಡರೆ ಕೊರೆಯುತ್ತಲೇ ಜೆಟ್ಟನ್ನೂ ಬಿಚ್ಚುತ್ತದೆ. ಮಷಿನ್ ಬೇಡ, ಕೈಯಲ್ಲೇ ತಿರುಗಿಸಿ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ಜೆಟ್‌ನ ಆಚೆಗಿನ ಮೈಗೆ ಬಿಟ್ ತಾಗಿದರೆ ಕಾರ್ಬೊರೇಟರೇ ಹೋದಂತೆ. ಮುರಿದ ಸ್ಕ್ರೂ ಕೀಳುವ, ಮೊಳೆಯಂತೆ ಚೂಪಾದ ಎಕ್ಸ್‌ಟ್ರಾಕ್ಟರನ್ನು ಕೊನೆಗೆ ಇಟ್ಟುಕೊಳ್ಳಿ. ಒಳಕ್ಕೆ ಇಳಿದಷ್ಟೂ ಅದು ಹಿತ್ತಾಳೆಯನ್ನು ಅಗಲಿಸಿ ಇನ್ನಷ್ಟು ಬಿಗಿ ಮಾಡುತ್ತದೆ.

ಹೊಸದು ಹಾಕುವ ಮುಂಚೆ ಕಣ್ಣಿಗೆ ಗಾಗಲ್ ಹಾಕಿಕೊಂಡು ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ. ಪೈಲಟ್ ಜೆಟ್‌ನ ತೂತಿನಿಂದ ಹೊಡೆದದ್ದು ಕಾರ್ಬೊರೇಟರ್‌ನ ಗಂಟಲಿನ ಸಣ್ಣ ರಂಧ್ರಗಳಿಂದ ಚಿಮ್ಮಬೇಕು. ಮಿಕ್ಸ್ಚರ್ ಸ್ಕ್ರೂ (ಸ್ಲೋ ಸ್ಪೀಡ್‌ನ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವುದು) ತೆಗೆಯುವುದಾದರೆ ಮೊದಲು ಮೆಲ್ಲಗೆ ತಳ ಮುಟ್ಟುವವರೆಗೆ ತಿರುಗಿಸಿ, ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ.

ಜೆಟ್ಟನ್ನು ಒಳಗೆ ಇಳಿಸಿದ ಮೇಲೆ ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್‌ನ ಬಾಯಿ ಸಿಕ್ಕಾಗ ‘ಟಿಕ್’ ಎಂದು ಕೂತದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ, ಬೆರಳ ಬಲದಲ್ಲೇ. ತಳ ಮುಟ್ಟಿದ ಮೇಲೆ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಬಿಗಿ. ಇದಕ್ಕಿಂತ ಹೆಚ್ಚು ಬಿಗಿದರೆ ತಲೆ ಮುರಿದು ಥ್ರೆಡ್ ಒಳಗೇ ಉಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಡಿ. ಸ್ಲೈಡ್ ‘ಟಪ್’ ಎಂದು ತಾನೇ ಮುಚ್ಚಬೇಕು. ಪೆಟ್ರೋಲ್ ಆನ್ ಮಾಡಿ ಹತ್ತು ನಿಮಿಷ ಕಾಯಿರಿ. ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಿದರೆ ಫ್ಲೋಟ್ ಸೂಜಿ ಸರಿಯಾಗಿ ಕೂತಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸ್ಲೋ ಸ್ಪೀಡ್ ಹೊಂದಿಸಿ. ಮಿಕ್ಸ್ಚರ್ ಸ್ಕ್ರೂ ಎಂಜಿನ್ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಂತೆ ಪೆಟ್ರೋಲ್ ಕಡಿಮೆಯಾಗುತ್ತದೆ. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಟ್ಟವಾಗುತ್ತದೆ. ಸ್ವಲ್ಪ ಓಡಿಸಿ ಬಂದು ಪ್ಲಗ್ ಬಿಚ್ಚಿ ನೋಡಿ: ತಿಳಿಗಂದು ಬಣ್ಣ ಸರಿ, ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಬೆಳ್ಳಗಿರುವ ಗಾಡಿಯನ್ನು ಹಾಗೇ ವೇಗವಾಗಿ ಓಡಿಸಬೇಡಿ, ಪಿಸ್ಟನ್ ಸುಡುತ್ತದೆ.

ವಾರದೊಳಗೆ ಅದೇ ತೊಂದರೆ ಮರಳಿದರೆ ಬೌಲ್‌ನ ತಳದಲ್ಲಿ ಕೆಂಪು ಪುಡಿ ಇದೆಯೇ ನೋಡಿ. ಅದು ಟ್ಯಾಂಕಿನ ತುಕ್ಕು. ಟ್ಯಾಂಕ್ ತೊಳೆದು, ಪೆಟ್ರೋಲ್ ಪೈಪಿಗೆ ಫಿಲ್ಟರ್ ಹಾಕದೆ ಜೆಟ್ ಎಷ್ಟು ಸಲ ಬದಲಿಸಿದರೂ ಕಟ್ಟಿಕೊಳ್ಳುತ್ತಲೇ ಇರುತ್ತದೆ.